ಪೆಟ್ ಸ್ಕ್ಯಾನ್‌ನಲ್ಲಿ ಹೊಳೆದದ್ದೆಲ್ಲ ಕ್ಯಾನ್ಸರಾ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಅಮ್ಮನಿಗೆ 62 ವರ್ಷ. ಹತ್ತು ವರ್ಷದಿಂದ ಶುಗರ್ ಇದೆ, ಮೆಟ್‌ಫಾರ್ಮಿನ್ ತಗೊಳ್ತಾರೆ. ಸಣ್ಣ ವಯಸ್ಸಿನಲ್ಲಿ ಟಿಬಿ ಆಗಿ ವಾಸಿಯಾಗಿತ್ತು. ಒಂದೂವರೆ ತಿಂಗಳಿಂದ ಕೆಮ್ಮು ಬಿಡಲಿಲ್ಲ ಅಂತ ಎಕ್ಸ್‌-ರೇ, ಆಮೇಲೆ ಸಿಟಿ ಸ್ಕ್ಯಾನ್ ಮಾಡಿಸಿದೆವು. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ 2.4 ಸೆಂ.ಮೀ. ಗಡ್ಡೆ, ಎದೆಯ ನಡುವೆ ಅದೇ ಪಕ್ಕದಲ್ಲಿ 12 ಮಿ.ಮೀ. ಗ್ರಂಥಿ (ಲಿಂಫ್ ನೋಡ್), ಎಡ ಮೂತ್ರಪಿಂಡದ ಮೇಲಿನ ಅಡ್ರಿನಲ್‌ನಲ್ಲಿ 1.4 ಸೆಂ.ಮೀ. ಗಂಟು ಇದೆ ಅಂತ ಬಂತು. ಪೆಟ್ ಸ್ಕ್ಯಾನ್‌ನಲ್ಲಿ ಗಡ್ಡೆಯ ಎಸ್‌ಯುವಿ 9.1, ಗ್ರಂಥಿಯದು 5.2. ಅಡ್ರಿನಲ್ ಅಷ್ಟಾಗಿ ಹೊಳೆದಿಲ್ಲ, ಆದರೂ ಗಮನಿಸಬೇಕು ಅಂತ ಬರೆದಿದ್ದಾರೆ. ಇದು ಮೂರನೇ ಸ್ಟೇಜ್, ಅಡ್ರಿನಲ್‌ಗೂ ಹೋಗಿದ್ದರೆ ನಾಲ್ಕನೇದು ಅಂತ ನಾವೇ ಓದಿಕೊಂಡು ಕುಗ್ಗಿಹೋಗಿದ್ದೇವೆ. ಈಗ ಡಾಕ್ಟರು ಇಬಸ್ ಅಂತ ಒಂದು ಸೂಜಿ ಪರೀಕ್ಷೆ, ಜೊತೆಗೆ ತಲೆಯ ಎಂಆರ್‌ಐ ಬೇಕು ಅಂತಾರೆ. ಪೆಟ್‌ನಲ್ಲೇ ಎಲ್ಲಾ ಗೊತ್ತಾಗಲ್ವಾ? ಸೂಜಿ ಚುಚ್ಚಿದರೆ ಹರಡುತ್ತೆ ಅಂತ ದೊಡ್ಡಪ್ಪ ಬೇಡವೇ ಬೇಡ ಅಂತಿದ್ದಾರೆ. ಇಷ್ಟು ಸ್ಕ್ಯಾನ್‌ಗಳ ರೇಡಿಯೇಷನ್‌ನಿಂದಲೇ ಏನಾದರೂ ಆದರೆ? ತಂಗಿ ಏಳು ತಿಂಗಳ ಬಸುರಿ, ಪೆಟ್ ಆದ ದಿನ ರಾತ್ರಿ ಅಮ್ಮನ ಪಕ್ಕದಲ್ಲೇ ಮಲಗಿದ್ದಳು. ಒಂದೊಂದು ಪರೀಕ್ಷೆಗೂ ಒಂದೊಂದು ವಾರ ಹೋಗ್ತಿದೆ. ಅಷ್ಟರಲ್ಲಿ ಬೆಳೆದುಬಿಟ್ಟರೆ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪ್ರಶ್ನೆ ಐದಾರು ಇದ್ದರೂ ಒಳಗಿನ ಭಯ ಒಂದೇ. ಅಮ್ಮನಿಗೆ ಎಲ್ಲಾ ಕಡೆ ಹರಡಿಬಿಟ್ಟಿದೆ, ಅದು ಸ್ಕ್ಯಾನ್‌ನಲ್ಲಿ ಕಂಡೂ ಆಗಿದೆ, ಆದರೂ ಪರೀಕ್ಷೆ ಮೇಲೆ ಪರೀಕ್ಷೆ ಮಾಡಿಸಿ ದಿನ ಕಳೆಯುತ್ತಿದ್ದಾರೆ ಅನ್ನೋದು. ಅಲ್ವಾ?

ಹಾಗಾಗಿ ಮೊದಲು ಅದಕ್ಕೇ ಉತ್ತರ ಹೇಳುತ್ತೇನೆ. ನಿಮ್ಮ ಅಮ್ಮನ ಸ್ಟೇಜ್ ಇನ್ನೂ ತೀರ್ಮಾನವಾಗಿಲ್ಲ. ಮೂರೂ ಅಲ್ಲ, ನಾಲ್ಕೂ ಅಲ್ಲ. ಈಗ ಕೈಯಲ್ಲಿರುವ ರಿಪೋರ್ಟ್‌ಗಳನ್ನು ಇಟ್ಟುಕೊಂಡು ನೋಡಿದರೆ ಅದು ಒಂದನೇ ಸ್ಟೇಜ್ ಕೂಡ ಆಗಿರಬಹುದು. ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ಹಾಗೆಂದು ಗಡ್ಡೆ ಏನೂ ಅಲ್ಲ ಅಂತಲೂ ಹೇಳಲಾರೆ. ಈ ವಯಸ್ಸು, ಈ ಗಾತ್ರ, ಈ ಹೊಳಪು ನೋಡಿದರೆ ಶ್ವಾಸಕೋಶದ ಗಡ್ಡೆ ಕ್ಯಾನ್ಸರ್ ಆಗಿರುವ ಸಾಧ್ಯತೆಯೇ ಜಾಸ್ತಿ. ಆದರೆ ಗಡ್ಡೆ ಏನು ಅನ್ನೋದು ಒಂದು ಪ್ರಶ್ನೆ, ಅದು ಎಲ್ಲಿಯವರೆಗೆ ಹೋಗಿದೆ ಅನ್ನೋದು ಇನ್ನೊಂದು ಪ್ರಶ್ನೆ. ಎರಡಕ್ಕೂ ಉತ್ತರ ಇನ್ನೂ ಬಂದಿಲ್ಲ. ನಿಮ್ಮ ಡಾಕ್ಟರು ಕೇಳುತ್ತಿರುವ ಎರಡು ಪರೀಕ್ಷೆಗಳು ಆ ಉತ್ತರಕ್ಕಾಗಿಯೇ.

ನಾನು ಇಪ್ಪತ್ತು ವರ್ಷದಿಂದ ದಿನವೂ ಇಂಥ ಸ್ಕ್ಯಾನ್‌ಗಳನ್ನು ಓದುವ ಕೆಲಸದಲ್ಲಿದ್ದೇನೆ. ಪೆಟ್ ಬಗ್ಗೆ ಜನರಲ್ಲಿ ಬೇರೂರಿರುವ ಒಂದು ತಪ್ಪು ಕಲ್ಪನೆ ಎಂದರೆ, ಅದು ಕ್ಯಾನ್ಸರನ್ನು ತೋರಿಸುತ್ತದೆ ಅನ್ನೋದು. ಪೆಟ್ ತೋರಿಸುವುದು ಕ್ಯಾನ್ಸರನ್ನಲ್ಲ, ಸಕ್ಕರೆಯನ್ನು. ಗ್ಲೂಕೋಸ್‌ನಂತೆಯೇ ಇರುವ ಎಫ್‌ಡಿಜಿ ಎಂಬ ವಸ್ತುವಿಗೆ ಫ್ಲೋರಿನ್-18 ಎಂಬ ವಿಕಿರಣ ಸೂಸುವ ಪರಮಾಣುವನ್ನು ಅಂಟಿಸಿ ರಕ್ತನಾಳಕ್ಕೆ ಕೊಡುತ್ತೇವೆ. ಕೋಶಗಳು ಅದನ್ನು ನಿಜವಾದ ಗ್ಲೂಕೋಸ್ ಎಂದೇ ತಿಳಿದು ಒಳಗೆ ಎಳೆದುಕೊಳ್ಳುತ್ತವೆ. ಒಳಗೆ ಹೋದ ಮೇಲೆ ಅದು ಮುಂದೆ ಕರಗುವುದಿಲ್ಲ, ಅಲ್ಲೇ ಸಿಕ್ಕಿಬೀಳುತ್ತದೆ. ಯಾವ ಕೋಶಕ್ಕೆ ಹಸಿವು ಜಾಸ್ತಿಯೋ ಅಲ್ಲಿ ಹೊಳಪು ಜಾಸ್ತಿ. ಕ್ಯಾನ್ಸರ್ ಕೋಶಗಳು ಸಾಮಾನ್ಯ ಕೋಶಗಳಿಗಿಂತ ಹೆಚ್ಚು ಗ್ಲೂಕೋಸ್ ಬಳಸುತ್ತವೆ ಎಂದು 1920ರ ದಶಕದಲ್ಲೇ ಜರ್ಮನಿಯ ಓಟೋ ವಾರ್ಬುರ್ಗ್ ಗಮನಿಸಿದ್ದರು. ಪೆಟ್ ನಿಂತಿರುವುದು ಆ ಗುಣದ ಮೇಲೆ. (ಇದನ್ನು ಕೇಳಿ ಹಲವರು ಸಕ್ಕರೆ ಬಿಟ್ಟರೆ ಕ್ಯಾನ್ಸರ್ ಒಣಗುತ್ತೆ ಅಂದುಕೊಳ್ಳುತ್ತಾರೆ. ಹಾಗೆ ಆಗುವುದಿಲ್ಲ. ನಾವು ಏನೇ ತಿಂದರೂ ಬಿಟ್ಟರೂ ದೇಹ ರಕ್ತದಲ್ಲಿ ಗ್ಲೂಕೋಸ್ ಇಟ್ಟೇ ಇಡುತ್ತದೆ.)

ಆದರೆ ಹಸಿವು ಕ್ಯಾನ್ಸರ್ ಕೋಶಕ್ಕೆ ಮಾತ್ರ ಇರುವುದಲ್ಲ. ಪೆಟ್‌ಗೆ ಬಂದವರನ್ನು ಇಂಜೆಕ್ಷನ್ ಆದ ಮೇಲೆ ಸುಮಾರು ಒಂದು ಗಂಟೆ ಒಂದು ಕೋಣೆಯಲ್ಲಿ ಮಲಗಿಸುತ್ತೇವೆ. ದೀಪ ಮಂದ, ಮೈಮೇಲೆ ಕಂಬಳಿ. ಮಾತಾಡಬೇಡಿ, ಫೋನ್ ನೋಡಬೇಡಿ, ಸುಮ್ಮನೆ ಮಲಗಿ ಅನ್ನುತ್ತೇವೆ. ನಿಮ್ಮ ಅಮ್ಮನಿಗೂ ಹೇಳಿರುತ್ತಾರೆ. ಅದು ಶಿಸ್ತಿಗಾಗಿ ಹೇಳುವ ಮಾತಲ್ಲ. ಆ ಒಂದು ಗಂಟೆ ಮಾತಾಡುತ್ತಾ ಕೂತರೆ ಧ್ವನಿಪೆಟ್ಟಿಗೆಯ ಸ್ನಾಯು ಹೊಳೆಯುತ್ತದೆ. ಏನಾದರೂ ಅಗಿಯುತ್ತಿದ್ದರೆ ದವಡೆ ಹೊಳೆಯುತ್ತದೆ. ಚಳಿಯಾಗಿ ನಡುಗಿದರೆ ಕತ್ತಿನ ಎರಡೂ ಬದಿಯ ಕಂದು ಕೊಬ್ಬು ಹೊಳೆಯುತ್ತದೆ, ಗ್ರಂಥಿಗಳಿಗೆ ಹರಡಿದೆಯೇನೋ ಎನ್ನುವಷ್ಟು. ನಿಮ್ಮ ಅಮ್ಮನ ಹಾಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಕರುಳು ಉದ್ದಕ್ಕೂ ಹೊಳೆಯುವುದು ತೀರಾ ಸಾಮಾನ್ಯ. ಮಿದುಳು ಯಾವಾಗಲೂ ಹೊಳೆಯುತ್ತದೆ, ಏಕೆಂದರೆ ಅದರ ಆಹಾರವೇ ಗ್ಲೂಕೋಸ್. ಮೂತ್ರಕೋಶ ಹೊಳೆಯುತ್ತದೆ, ಏಕೆಂದರೆ ಮಿಕ್ಕ ಔಷಧಿ ಹೊರಗೆ ಹೋಗುವ ದಾರಿ ಅದೇ. ಇವೆಲ್ಲವನ್ನೂ ಬದಿಗಿಟ್ಟು ಉಳಿದ ಹೊಳಪನ್ನು ಓದುವುದು ನಮ್ಮ ಕೆಲಸ.

ಆ ಉಳಿದ ಹೊಳಪಿನಲ್ಲಿ ದೊಡ್ಡ ಗೊಂದಲ ಹುಟ್ಟಿಸುವುದು ಉರಿಯೂತ. ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಿಗೂ ಭಾರೀ ಹಸಿವು. ನ್ಯುಮೋನಿಯಾ, ಸಾರ್ಕಾಯ್ಡೋಸಿಸ್ ಎಂಬ ಉರಿಯೂತದ ಕಾಯಿಲೆ, ಇತ್ತೀಚೆಗೆ ಆಪರೇಷನ್ ಆದ ಜಾಗ, ರೇಡಿಯೇಷನ್ ಕೊಟ್ಟ ಜಾಗ, ಎಲ್ಲವೂ ಹೊಳೆಯುತ್ತವೆ. ಎಲ್ಲಕ್ಕಿಂತ ಮೋಸ ಮಾಡುವುದು ಟಿಬಿ. ಹಳೆಯ ಟಿಬಿಯ ಗುರುತು ಉಳಿದ ಗ್ರಂಥಿಗಳು, ಅದರಲ್ಲೂ ಎದೆಯ ನಡುವಿನವು, ವರ್ಷಗಳ ನಂತರವೂ ಹೊಳೆಯಬಹುದು. ನಿಮ್ಮ ಪತ್ರದಲ್ಲಿ ನೀವು ಒಂದು ವಾಕ್ಯದಲ್ಲಿ ಹೇಳಿ ಮುಗಿಸಿದ "ಸಣ್ಣ ವಯಸ್ಸಿನಲ್ಲಿ ಟಿಬಿ ಆಗಿತ್ತು" ಎಂಬ ಮಾತು ನನ್ನಂಥವನಿಗೆ ಇಡೀ ಪತ್ರದಲ್ಲೇ ಬಹಳ ಮುಖ್ಯವಾದ ಮಾತು. ಅದನ್ನು ಡಾಕ್ಟರಿಗೆ ಹೇಳಿದ್ದೀರಾ? ಹೇಳಿಲ್ಲದಿದ್ದರೆ ಇವತ್ತೇ ಹೇಳಿ.

ಇನ್ನು ಆ ಎಸ್‌ಯುವಿ. ಆ ಜಾಗದಲ್ಲಿ ಔಷಧಿ ಎಷ್ಟು ಸೇರಿದೆ ಎಂಬುದನ್ನು ತೂಕಕ್ಕೂ ಕೊಟ್ಟ ಪ್ರಮಾಣಕ್ಕೂ ಹೊಂದಿಸಿ ಹೇಳುವ ಅಂಕಿ ಅದು. 2.5 ದಾಟಿದರೆ ಕ್ಯಾನ್ಸರ್ ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ, ನೀವೂ ಓದಿರುತ್ತೀರಿ. ಅಂಥ ಗೆರೆ ಇಲ್ಲ. ಟಿಬಿ ಗ್ರಂಥಿಯಲ್ಲಿ 10 ಕಂಡಿದ್ದೇನೆ, ನಿಧಾನವಾಗಿ ಬೆಳೆಯುವ ಕ್ಯಾನ್ಸರ್‌ನಲ್ಲಿ 1.5 ಕಂಡಿದ್ದೇನೆ. ಇಂಜೆಕ್ಷನ್ ಆದ ಮೇಲೆ ಐವತ್ತು ನಿಮಿಷಕ್ಕೆ ತೆಗೆದರೆ ಒಂದು ಅಂಕಿ, ಎಂಬತ್ತು ನಿಮಿಷಕ್ಕೆ ತೆಗೆದರೆ ಇನ್ನೊಂದು. ಅವತ್ತಿನ ಶುಗರ್ ಜಾಸ್ತಿಯಿದ್ದರೆ ಗಡ್ಡೆಯ ಅಂಕಿ ಇಳಿಯುತ್ತದೆ. ಬೇರೆ ಬೇರೆ ಯಂತ್ರದ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿದರೆ ಹಲವು ಸಲ ಅರ್ಥವೇ ಇರುವುದಿಲ್ಲ. ಹಾಗಾಗಿ ಮುಂದೆ ಚಿಕಿತ್ಸೆಯ ನಡುವೆ ಮತ್ತೆ ಪೆಟ್ ಬೇಕಾದರೆ ಸಾಧ್ಯವಿದ್ದಷ್ಟೂ ಅದೇ ಜಾಗದಲ್ಲಿ, ಅದೇ ಯಂತ್ರದಲ್ಲಿ ಮಾಡಿಸಿ.

ಸಿಟಿ ರಿಪೋರ್ಟ್‌ನ 12 ಮಿ.ಮೀ. ಕೂಡ ಹಾಗೆಯೇ. ಗ್ರಂಥಿಯ ಚಿಕ್ಕ ಅಡ್ಡಳತೆ 10 ಮಿ.ಮೀ. ದಾಟಿದರೆ "ದೊಡ್ಡದು" ಎಂದು ಬರೆಯುವುದು ನಮ್ಮಲ್ಲಿ ರೂಢಿ. ಅದು ಅನುಕೂಲಕ್ಕೆ ಹಾಕಿಕೊಂಡ ಗೆರೆ, ಅಷ್ಟೇ. ಆರು ಮಿಲಿಮೀಟರ್ ಗ್ರಂಥಿಯೊಳಗೂ ಕ್ಯಾನ್ಸರ್ ಅಡಗಿ ಕೂತಿರಬಹುದು. ಹದಿನೈದು ಮಿಲಿಮೀಟರ್ ಗ್ರಂಥಿ ಬರೀ ಹಳೆ ಸೋಂಕಿನಿಂದ ಊದಿರಬಹುದು.

ಈಗ ಈ ಒಂದು ಗ್ರಂಥಿಯ ಮೇಲೆ ಎಷ್ಟು ನಿಂತಿದೆ ನೋಡಿ. ಸ್ಟೇಜ್ ಹೇಳಲು ಮೂರು ಅಕ್ಷರ ಬಳಸುತ್ತೇವೆ. ಟಿ ಅಂದರೆ ಗಡ್ಡೆಯ ಗಾತ್ರ ಮತ್ತು ಅದು ಏನನ್ನು ಹಿಡಿದಿದೆ ಎಂಬುದು, ಎನ್ ಅಂದರೆ ಗ್ರಂಥಿ, ಎಂ ಅಂದರೆ ದೂರದ ಅಂಗ. ಅಮ್ಮನ ಗಡ್ಡೆ 2.4 ಸೆಂ.ಮೀ., ಅದು ಕ್ಯಾನ್ಸರೇ ಆದರೆ ಟಿ1ಸಿ, ಅಂದರೆ 2ರಿಂದ 3 ಸೆಂ.ಮೀ. ಒಳಗಿನದು. ಗ್ರಂಥಿಯಲ್ಲಿ ಏನೂ ಇಲ್ಲದೆ, ದೂರಕ್ಕೂ ಹೋಗಿರದಿದ್ದರೆ ಅದು ಮೊದಲನೇ ಸ್ಟೇಜ್. ಆಪರೇಷನ್ ಮಾಡಿ ತೆಗೆಯುವುದು ಮುಖ್ಯ ಚಿಕಿತ್ಸೆ, ಗುರಿ ಪೂರ್ತಿ ವಾಸಿ ಮಾಡುವುದು. ಅದೇ ಗ್ರಂಥಿಯಲ್ಲಿ ಕ್ಯಾನ್ಸರ್ ಇದ್ದರೆ ಅದು ಎನ್2, ಅಂದರೆ ಎದೆಯ ನಡುವೆ ಗಡ್ಡೆಯ ಪಕ್ಕದ ಗ್ರಂಥಿಗೆ ಹೋಗಿದೆ ಎಂದರ್ಥ. ಈ ಸ್ಟೇಜ್ ಪದ್ಧತಿಯ ಹಿಂದಿನ ಆವೃತ್ತಿಯಲ್ಲಿ ನೇರ 3ಎ ಆಗುತ್ತಿತ್ತು. 2025ರಿಂದ ಬಳಕೆಗೆ ಬಂದ 9ನೇ ಆವೃತ್ತಿಯಲ್ಲಿ ಎನ್2 ಒಂದೇ ಜಾಗದಲ್ಲಿದ್ದರೆ 2ಬಿ, ಹೆಚ್ಚು ಜಾಗಗಳಲ್ಲಿದ್ದರೆ 3ಎ. ಆಗ ಮೊದಲು ಔಷಧಿ ಕೊಟ್ಟು ಆಮೇಲೆ ಆಪರೇಷನ್, ಇಲ್ಲವೇ ಕೀಮೋ ಜೊತೆ ರೇಡಿಯೇಷನ್, ಹೀಗೆ ದಾರಿಯೇ ಬೇರೆ. ಒಂದು ಗ್ರಂಥಿ, ಎರಡು ಬೇರೆ ಬೇರೆ ಚಿಕಿತ್ಸೆ. ಇಷ್ಟು ದೊಡ್ಡ ತೀರ್ಮಾನವನ್ನು ಬರೀ ಹೊಳಪು ನೋಡಿ ಮಾಡಬಾರದು. ಪೆಟ್‌ನಲ್ಲಿ ಗ್ರಂಥಿ ಹೊಳೆದ ಒಂದೇ ಕಾರಣಕ್ಕೆ ಆಪರೇಷನ್ ಕೈಬಿಡಬೇಡಿ, ತುಣುಕು ತೆಗೆದು ಖಚಿತ ಮಾಡಿಕೊಳ್ಳಿ ಎಂಬುದು ಶ್ವಾಸಕೋಶ ಕ್ಯಾನ್ಸರ್ ನೋಡುವವರೆಲ್ಲ ಒಪ್ಪಿಕೊಂಡ ನಿಯಮ.

ನನಗೆ ಮರೆಯದ ಒಬ್ಬರಿದ್ದಾರೆ. ನಿಮ್ಮ ಅಮ್ಮನ ಹಾಗೆಯೇ ಶ್ವಾಸಕೋಶದ ಗಡ್ಡೆ, ಎದೆಯ ನಡುವೆ ಮೂರು ಗ್ರಂಥಿ ದೀಪದಂತೆ ಹೊಳೆಯುತ್ತಿದ್ದವು. ಮನೆಯವರು ಆಸೆ ಬಿಟ್ಟಿದ್ದರು. ರಿಪೋರ್ಟ್ ಬರೆದವನು ನಾನೇ, "ಹರಡಿರುವ ಸಾಧ್ಯತೆ ಹೆಚ್ಚು" ಎಂದೇ ಬರೆದಿದ್ದೆ. ಸೂಜಿ ಹಾಕಿದರೆ ಮೂರೂ ಗ್ರಂಥಿಯಲ್ಲಿ ಸಿಕ್ಕಿದ್ದು ಗ್ರ್ಯಾನ್ಯುಲೋಮಾ, ಅಂದರೆ ಟಿಬಿಯಂಥ ಉರಿಯೂತ. ಗಡ್ಡೆ ಕ್ಯಾನ್ಸರೇ ಆಗಿತ್ತು, ಆದರೆ ಅದು ಗಡ್ಡೆಯಲ್ಲೇ ಇತ್ತು. ಅವರಿಗೆ ಆಪರೇಷನ್ ಆಯಿತು. ಇದರ ಉಲ್ಟಾ ಕೂಡ ನೋಡಿದ್ದೇನೆ. ಹೊಳೆಯದ, ಏಳು ಮಿಲಿಮೀಟರ್‌ನ ಗ್ರಂಥಿಯಲ್ಲಿ ಆಪರೇಷನ್ ಹೊತ್ತಿಗೆ ಕ್ಯಾನ್ಸರ್ ಸಿಕ್ಕಿದ್ದಿದೆ. ಪೆಟ್‌ಗೆ ಏಳೆಂಟು ಮಿಲಿಮೀಟರ್‌ಗಿಂತ ಚಿಕ್ಕದು ಸರಿಯಾಗಿ ಕಾಣುವುದಿಲ್ಲ.

ಹಾಗಾದರೆ ಪೆಟ್ ಮಾಡಿಸಿದ್ದು ದಂಡವೇ? ಖಂಡಿತ ಅಲ್ಲ. ಎಲ್ಲಿ ಸೂಜಿ ಹಾಕಬೇಕು ಎಂದು ತೋರಿಸಿದ್ದೇ ಅದು. ನೀವು ಬರೆದಿರುವುದರಲ್ಲಿ ಯಕೃತ್ತು, ಮೂಳೆಗಳು ಹೊಳೆದ ಮಾತಿಲ್ಲ ಎಂಬುದು ನಿಮ್ಮ ಅಮ್ಮನ ಪಾಲಿಗೆ ಒಳ್ಳೆಯ ಸುದ್ದಿ. ಯಾರೂ ಊಹಿಸದ ಕಡೆ ಹರಡಿದ್ದನ್ನು ಪೆಟ್ ಹಿಡಿದು, ಉಪಯೋಗವಿಲ್ಲದ ದೊಡ್ಡ ಆಪರೇಷನ್ ತಪ್ಪಿಸಿದ ಉದಾಹರಣೆಗಳೂ ಬೇಕಾದಷ್ಟಿವೆ.

ಈಗ ದೊಡ್ಡಪ್ಪನವರ ಮಾತಿಗೆ ಬರೋಣ. ಅವರನ್ನು ಬೈಯಬೇಡಿ. ಈ ಭಯ ಹುಟ್ಟಲು ಕಾರಣವಿದೆ. ಯಾರಿಗೋ ಬಯಾಪ್ಸಿ ಆಯಿತು, ಆಮೇಲೆ ಸ್ಕ್ಯಾನ್ ಆಯಿತು, ಹರಡಿದೆ ಅಂತ ಬಂತು, ನಾಲ್ಕು ತಿಂಗಳಲ್ಲಿ ತೀರಿಹೋದರು. ನೋಡಿದವರಿಗೆ ಸೂಜಿಯೇ ಕಾರಣ ಅನ್ನಿಸುವುದು ಸಹಜ. ಆದರೆ ಹರಡಿದ್ದು ಸೂಜಿಗೆ ಮೊದಲೇ, ಗೊತ್ತಾಗಿದ್ದು ಆಮೇಲೆ. ಸೂಜಿಯ ದಾರಿಯಲ್ಲಿ ಕ್ಯಾನ್ಸರ್ ಕೋಶ ಬಿತ್ತಿದಂತಾಗುವುದು ಎಂದೂ ಇಲ್ಲ ಎಂದು ನಾನು ಹೇಳುವುದಿಲ್ಲ. ಶ್ವಾಸಕೋಶದ ಗಡ್ಡೆಗೆ ಹೊರಗಿಂದ ಹಾಕುವ ಸೂಜಿಯಲ್ಲಿ ಅದು ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ. ಕೆಲವು ಕ್ಯಾನ್ಸರ್‌ಗಳಲ್ಲಿ ನಾವೇ ಎಚ್ಚರ ವಹಿಸುತ್ತೇವೆ. ವೃಷಣದ ಗಡ್ಡೆಗೆ ಚರ್ಮದ ಮೂಲಕ ಸೂಜಿ ಹಾಕುವುದಿಲ್ಲ. ಮಕ್ಕಳ ಕಣ್ಣಿನ ರೆಟಿನೋಬ್ಲಾಸ್ಟೋಮಾಕ್ಕೆ ಸೂಜಿ ಮುಟ್ಟಿಸುವುದಿಲ್ಲ. ಮೂಳೆ, ಸ್ನಾಯುಗಳ ಸಾರ್ಕೋಮಾದಲ್ಲಿ ಮುಂದೆ ಆಪರೇಷನ್ ಮಾಡುವವರೇ ಸೂಜಿಯ ದಾರಿ ಗೊತ್ತು ಮಾಡಬೇಕು. ಅಂಡಾಶಯಕ್ಕಷ್ಟೇ ಸೀಮಿತವಾಗಿರುವಂತೆ ಕಾಣುವ ಗಡ್ಡೆಯನ್ನು ಚುಚ್ಚದೆ ಇಡಿಯಾಗಿ ತೆಗೆಯುತ್ತಾರೆ. ಈ ಪಟ್ಟಿಯಲ್ಲಿ ನಿಮ್ಮ ಅಮ್ಮನ ಗ್ರಂಥಿ ಇಲ್ಲ. ದೊಡ್ಡಪ್ಪನಿಗೆ ಇದನ್ನು ಹೀಗೇ ಹೇಳಿ. ಭಯ ಪೂರ್ತಿ ಸುಳ್ಳು ಅಂದರೆ ಅವರು ಕೇಳಲಿಕ್ಕಿಲ್ಲ. ಎಲ್ಲಿ ನಿಜ, ಎಲ್ಲಿ ಅಲ್ಲ ಅಂತ ಬಿಡಿಸಿ ಹೇಳಿದರೆ ಕೇಳುತ್ತಾರೆ.

ಇಬಸ್ ಹೇಗೆ ಮಾಡುತ್ತಾರೆ ಗೊತ್ತಾ? ನಿದ್ದೆ ಬರುವಂತೆ ಔಷಧಿ ಕೊಟ್ಟು, ಬಾಯಿಯ ಮೂಲಕ ಒಂದು ತೆಳುವಾದ ಕೊಳವೆಯನ್ನು ಶ್ವಾಸನಾಳಕ್ಕೆ ಇಳಿಸುತ್ತಾರೆ. ಅದರ ತುದಿಯಲ್ಲಿ ಪುಟ್ಟ ಅಲ್ಟ್ರಾಸೌಂಡ್ ಇರುತ್ತದೆ. ನಾಳದ ಗೋಡೆಯ ಆಚೆಗಿನ ಗ್ರಂಥಿ ಪರದೆಯ ಮೇಲೆ ಕಪ್ಪು ಗೋಲಿಯ ಹಾಗೆ ಕಾಣುತ್ತದೆ, ಪಕ್ಕದ ರಕ್ತನಾಳವೂ ಕಾಣುತ್ತದೆ. ಅದನ್ನು ತಪ್ಪಿಸಿ ಸೂಜಿಯನ್ನು ಗ್ರಂಥಿಯೊಳಗೆ ಹೋಗಿ ಬರುವಂತೆ ಹಲವು ಸಲ ಆಡಿಸಿ ಕೋಶಗಳನ್ನು ತೆಗೆಯುತ್ತಾರೆ. ಹೊರಗೆ ಗಾಯವಿಲ್ಲ, ಹೊಲಿಗೆ ಇಲ್ಲ. ಆಮೇಲೆ ಗಂಟಲು ಕೆರೆತ, ಕಫದಲ್ಲಿ ಸ್ವಲ್ಪ ರಕ್ತ, ಒಂದು ದಿನ ಸಣ್ಣ ಜ್ವರ ಬರಬಹುದು. ದೊಡ್ಡ ತೊಂದರೆ ಅಪರೂಪ. ಅಮ್ಮ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ.

ಬೇರೆ ದಾರಿ ಇಲ್ಲವೇ ಅಂದರೆ ಇದೆ. ಗಡ್ಡೆಗೇ ಸಿಟಿ ನೋಡುತ್ತಾ ಹೊರಗಿಂದ ಸೂಜಿ ಹಾಕಬಹುದು. ಅದರಲ್ಲಿ ಶ್ವಾಸಕೋಶದಿಂದ ಗಾಳಿ ಸೋರಿ ಎದೆಗೂಡಿನಲ್ಲಿ ನಿಲ್ಲುವ ತೊಂದರೆ ನೂರಕ್ಕೆ ಸುಮಾರು 15ರಿಂದ 25 ಜನಕ್ಕೆ ಆಗುತ್ತದೆ. ಹೆಚ್ಚಿನವರಿಗೆ ತಾನೇ ಸರಿಹೋಗುತ್ತದೆ, ಕೆಲವರಿಗೆ ಟ್ಯೂಬ್ ಹಾಕಬೇಕಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಅದು ಗಡ್ಡೆ ಏನು ಅಂತ ಹೇಳುತ್ತದೆಯೇ ಹೊರತು ಗ್ರಂಥಿ ಏನು ಅಂತ ಹೇಳುವುದಿಲ್ಲ. ಇಬಸ್‌ನಲ್ಲಿ ಗ್ರಂಥಿಯಲ್ಲಿ ಕ್ಯಾನ್ಸರ್ ಸಿಕ್ಕಿದರೆ ಒಂದೇ ಸೂಜಿಗೆ ಎರಡು ಉತ್ತರ: ಯಾವ ಕ್ಯಾನ್ಸರ್, ಯಾವ ಸ್ಟೇಜ್. ಅದಕ್ಕೇ ನಿಮ್ಮ ಡಾಕ್ಟರು ಅದನ್ನು ಮೊದಲು ಹೇಳಿದ್ದು, ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಇನ್ನೊಂದು ದಾರಿ ಮೀಡಿಯಾಸ್ಟಿನೋಸ್ಕೋಪಿ. ಪೂರ್ತಿ ಅರಿವಳಿಕೆ ಕೊಟ್ಟು, ಎದೆಮೂಳೆಯ ಮೇಲೆ ಕತ್ತಿನ ಬುಡದಲ್ಲಿ ಸಣ್ಣದಾಗಿ ಕೊಯ್ದು ಗ್ರಂಥಿಯ ತುಣುಕನ್ನೇ ತೆಗೆಯುವುದು. ಇಬಸ್‌ನಲ್ಲಿ ಏನೂ ಸಿಗದೆ, ಅನುಮಾನ ಮಾತ್ರ ಗಟ್ಟಿಯಾಗಿ ಉಳಿದರೆ ಅದರ ಸರದಿ.

ಯಾವ ಸೂಜಿಯೂ ಬೇಡ, ನೇರ ಆಪರೇಷನ್ ಅನ್ನುವವರೂ ಇದ್ದಾರೆ. ಗ್ರಂಥಿ ಹೊಳೆಯದೆ, ಗಡ್ಡೆ ಚಿಕ್ಕದಾಗಿ ಅಂಚಿನಲ್ಲಿದ್ದರೆ ಅದು ಸರಿಯಾದ ದಾರಿಯೇ. ನಿಮ್ಮ ಅಮ್ಮನ ವಿಷಯದಲ್ಲಿ ಅಲ್ಲ. ಮೊದಲು ಔಷಧಿ ಕೊಟ್ಟಿದ್ದರೆ ಚೆನ್ನಾಗಿತ್ತು ಅನ್ನೋದು ಎದೆ ತೆರೆದ ಮೇಲೆ ಗೊತ್ತಾಗುವ ಅಪಾಯವಿದೆ. ಕೆಲವು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್ ಮಾಡೋಣ ಅನ್ನೋದು ಐದಾರು ಮಿಲಿಮೀಟರ್‌ನ ಚುಕ್ಕೆಗಳಿಗೆ ಒಳ್ಳೆಯ ಸಲಹೆ, 2.4 ಸೆಂಟಿಮೀಟರ್‌ನ ಹೊಳೆಯುವ ಗಡ್ಡೆಗೆ ಅಲ್ಲ. ಎಲ್ಲಕ್ಕಿಂತ ಕೆಟ್ಟದ್ದೆಂದರೆ ತುಣುಕಿನ ರಿಪೋರ್ಟ್ ಇಲ್ಲದೆ, ಪೆಟ್ ನಂಬಿ ಮೂರನೇ ಸ್ಟೇಜ್ ಎಂದು ಕೀಮೋ ಶುರು ಮಾಡುವುದು. ಅದು ಕ್ಯಾನ್ಸರೇ ಅಲ್ಲದಿದ್ದರೆ? ಕ್ಯಾನ್ಸರೇ ಆದರೂ ಯಾವ ಬಗೆಯದು? ಈಗಿನ ಎಷ್ಟೋ ಔಷಧಿಗಳನ್ನು ಆರಿಸುವುದು ಗಡ್ಡೆಯ ಜೀನ್, ಪ್ರೋಟೀನ್‌ಗಳನ್ನು ನೋಡುವ ಇಜಿಎಫ್‌ಆರ್, ಎಎಲ್‌ಕೆ, ಪಿಡಿ-ಎಲ್1 ಮುಂತಾದ ಪರೀಕ್ಷೆಗಳ ಮೇಲೆ. ಅವನ್ನು ಮಾಡಲು ತುಣುಕು ಬೇಕು. ಯಾವ ಸ್ಕ್ಯಾನೂ ಅದನ್ನು ಹೇಳಲಾರದು.

ತಲೆಯ ಎಂಆರ್‌ಐ ಏಕೆ ಅನ್ನೋದಕ್ಕೆ ಉತ್ತರ ಮೇಲೆಯೇ ಬಂದುಬಿಟ್ಟಿದೆ. ಮಿದುಳು ತಾನೇ ಇಡಿಯಾಗಿ ಹೊಳೆಯುವಾಗ ಅದರೊಳಗಿನ ಸಣ್ಣ ಹೊಳಪು ಕಾಣುವುದಿಲ್ಲ. ಶ್ವಾಸಕೋಶ ಕ್ಯಾನ್ಸರ್ ಮಿದುಳಿಗೆ ಹೋಗುವ ಸ್ವಭಾವದ್ದು, ಎಷ್ಟೋ ಸಲ ಯಾವ ಲಕ್ಷಣವೂ ಇಲ್ಲದೆ. ಎಂಆರ್‌ಐನಲ್ಲಿ ಎಕ್ಸ್‌-ಕಿರಣ ಇಲ್ಲ, ಅಯಸ್ಕಾಂತ ಮತ್ತು ರೇಡಿಯೋ ಅಲೆ ಅಷ್ಟೇ. ಜೋರಾದ ಟಕಟಕ ಸದ್ದು, ಇಕ್ಕಟ್ಟಾದ ಕೊಳವೆ. ಅಮ್ಮನಿಗೆ ಇಕ್ಕಟ್ಟಿನ ಭಯ ಇದ್ದರೆ ಮುಂಚೆಯೇ ತಿಳಿಸಿ. ಪೇಸ್‌ಮೇಕರ್ ಅಥವಾ ದೇಹದೊಳಗೆ ಲೋಹ ಏನಾದರೂ ಇದ್ದರೆ ತಪ್ಪದೆ ಹೇಳಿ.

ಅಂದರೆ "ಎಲ್ಲವನ್ನೂ ಹೇಳುವ ಒಂದು ಸ್ಕ್ಯಾನ್" ಇಲ್ಲ. ಇದು ಬೇರೆ ಕ್ಯಾನ್ಸರ್‌ಗಳಿಗೂ ಅಷ್ಟೇ. ಗುದನಾಳದ ಕ್ಯಾನ್ಸರ್ ಗೋಡೆಯಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಎಂದು ಹೇಳಲು ಎಂಆರ್‌ಐ ಬೇಕು, ಪೆಟ್ ಅಲ್ಲ. ಪ್ರಾಸ್ಟೇಟ್ ಕ್ಯಾನ್ಸರ್ ಹಲವು ಸಲ ಸಕ್ಕರೆಗೆ ಹೊಳೆಯುವುದೇ ಇಲ್ಲ, ಅದಕ್ಕೆ ಪಿಎಸ್‌ಎಂಎ ಎಂಬ ಬೇರೆ ಪೆಟ್ ಇದೆ. ನಿಧಾನವಾಗಿ ಬೆಳೆಯುವ ನ್ಯೂರೋಎಂಡೋಕ್ರೈನ್ ಗಡ್ಡೆಗೆ ಡೋಟಾಟೇಟ್ ಪೆಟ್. ಸಿರೋಸಿಸ್ ಇರುವ ಯಕೃತ್ತಿನಲ್ಲಿ ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ರಕ್ತನಾಳಕ್ಕೆ ಕೊಡುವ ಔಷಧಿ) ಹಾಕಿದ ಸಿಟಿ ಅಥವಾ ಎಂಆರ್‌ಐನಲ್ಲಿ ಗಡ್ಡೆ ಒಂದು ಖಚಿತ ರೀತಿಯಲ್ಲಿ ಮಿಂಚಿ ಮಾಸಿದರೆ ಸೂಜಿಯೇ ಬೇಡ, ಸ್ಕ್ಯಾನ್ ಮೇಲೆಯೇ ಕ್ಯಾನ್ಸರ್ ಎಂದು ಹೇಳುತ್ತೇವೆ. ಲಕ್ಷಣವಿಲ್ಲದ, ಆರಂಭದ ಸ್ತನ ಕ್ಯಾನ್ಸರ್‌ಗೆ ಪೆಟ್ ಮಾಡಿಸುವುದರಿಂದ ಲಾಭಕ್ಕಿಂತ ಗಾಬರಿಯೇ ಜಾಸ್ತಿ. ಹಾಗಾಗಿ ಯಾವುದೇ ಸ್ಕ್ಯಾನ್ ಹೇಳಿದಾಗ ಡಾಕ್ಟರನ್ನು ಒಂದು ಪ್ರಶ್ನೆ ಕೇಳಿ: "ಇದರಲ್ಲಿ ಹೀಗೆ ಬಂದರೆ ಏನು ಮಾಡ್ತೀರಿ, ಹಾಗೆ ಬಂದರೆ ಏನು ಮಾಡ್ತೀರಿ?" ಎರಡಕ್ಕೂ ಒಂದೇ ಉತ್ತರ ಬಂದರೆ ಆ ಸ್ಕ್ಯಾನ್ ಬೇಕೇ ಎಂದು ಮತ್ತೆ ಕೇಳುವುದರಲ್ಲಿ ತಪ್ಪೇನಿಲ್ಲ. ನಿಮ್ಮ ಅಮ್ಮನ ಇಬಸ್‌ಗೂ ಎಂಆರ್‌ಐಗೂ ಬರುವ ಉತ್ತರ ಬೇರೆ ಬೇರೆ.

ಅಡ್ರಿನಲ್ ಗಂಟಿನ ಬಗ್ಗೆ ಅಷ್ಟು ಹೆದರಬೇಡಿ. ಬೇರೆ ಯಾವುದೋ ಕಾರಣಕ್ಕೆ ಹೊಟ್ಟೆಯ ಸಿಟಿ ತೆಗೆದ ನೂರು ಜನರಲ್ಲಿ ನಾಲ್ಕೈದು ಮಂದಿಗೆ ಇಂಥ ಗಂಟು ಸಿಗುತ್ತದೆ. ಬಹುಪಾಲು ಕೊಬ್ಬು ತುಂಬಿದ ನಿರಪಾಯಕಾರಿ ಅಡಿನೋಮಾ. ಸಿಟಿಯಲ್ಲಿ ಪ್ರತಿ ಚುಕ್ಕೆಗೂ ಹೌನ್ಸ್‌ಫೀಲ್ಡ್ ಎಂಬ ಅಳತೆ ಇರುತ್ತದೆ. ನೀರಿಗೆ ಸೊನ್ನೆ, ಗಾಳಿಗೆ ಮೈನಸ್ 1000, ಕೊಬ್ಬಿಗೆ ಮೈನಸ್ 100ರ ಆಸುಪಾಸು. ಕಾಂಟ್ರಾಸ್ಟ್ ಹಾಕದ ಸಿಟಿಯಲ್ಲಿ ಆ ಗಂಟು ಒಂದೇ ಸಮನಾಗಿದ್ದು 10ಕ್ಕಿಂತ ಕಡಿಮೆ ಬಂದರೆ ಅಡಿನೋಮಾ ಎಂದು ಧೈರ್ಯವಾಗಿ ಹೇಳಬಹುದು. ಪೆಟ್ ಜೊತೆ ತೆಗೆದ ಸಿಟಿ ಕಾಂಟ್ರಾಸ್ಟ್ ಇಲ್ಲದ್ದಾಗಿದ್ದರೆ ಅದರಲ್ಲೇ ಅಳೆಯಬಹುದು. ಹೊಸ ಸ್ಕ್ಯಾನ್ ಬೇಡ. "ಆ ಗಂಟಿನ ಹೌನ್ಸ್‌ಫೀಲ್ಡ್ ಎಷ್ಟು?" ಅಂತ ಕೇಳಿ.

ರೇಡಿಯೇಷನ್ ಲೆಕ್ಕ ಹೇಳುತ್ತೇನೆ. ಭೂಮಿಯ ಮೇಲೆ ಸುಮ್ಮನೆ ಬದುಕಿದ್ದಕ್ಕೇ ನಮಗೆಲ್ಲ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ಸಿಗುತ್ತದೆ. ಎದೆಯ ಎಕ್ಸ್‌-ರೇಯಲ್ಲಿ 0.1 ಅಥವಾ ಅದಕ್ಕೂ ಕಡಿಮೆ. ಎದೆಯ ಸಿಟಿಯಲ್ಲಿ ಆರೇಳು. ಪೆಟ್-ಸಿಟಿಯಲ್ಲಿ ಸಿಟಿಯನ್ನು ಹೇಗೆ ತೆಗೆದಿದ್ದಾರೆ ಎನ್ನುವುದರ ಮೇಲೆ 10ರಿಂದ 25. ಎಲ್ಲಾ ಸೇರಿಸಿದರೆ ಅಮ್ಮನಿಗೆ ಈವರೆಗೆ ಸಿಕ್ಕಿರುವುದು ಸುಮಾರು ಏಳರಿಂದ ಹದಿಮೂರು ವರ್ಷದ ನೈಸರ್ಗಿಕ ವಿಕಿರಣದಷ್ಟು. ಇದರಿಂದ ಮುಂದೆ ಹೊಸ ಕ್ಯಾನ್ಸರ್ ಬರುವ ಅಪಾಯ ಸಾವಿರದಲ್ಲಿ ಒಂದರ ಆಸುಪಾಸು ಎಂದು ಅಂದಾಜು. ಬಂದರೂ ಹತ್ತಾರು ವರ್ಷಗಳ ನಂತರ. 62ರ ವಯಸ್ಸಿನಲ್ಲಿ ಅದು ಇನ್ನೂ ಕಡಿಮೆ. ಮಕ್ಕಳಿಗೆ, ಹರೆಯದವರಿಗೆ ಸ್ಕ್ಯಾನ್ ಹೇಳುವಾಗ ನಾನು ಎರಡೆರಡು ಸಲ ಯೋಚಿಸುತ್ತೇನೆ. ನಿಮ್ಮ ಅಮ್ಮನ ಮುಂದಿರುವ ನಿಜವಾದ ಅಪಾಯ ಆ ಗಡ್ಡೆ.

ತಂಗಿಗೆ ಹೇಳಿ, ನೆಮ್ಮದಿಯಾಗಿರಲಿ. ಫ್ಲೋರಿನ್-18 ಪ್ರತಿ 110 ನಿಮಿಷಕ್ಕೆ ಅರ್ಧವಾಗುತ್ತದೆ. ಬೆಳಗ್ಗೆ ಹತ್ತಕ್ಕೆ ಇಂಜೆಕ್ಷನ್ ಆಗಿದ್ದರೆ ರಾತ್ರಿ ಹತ್ತರ ಹೊತ್ತಿಗೆ ಉಳಿದಿದ್ದು ನೂರರಲ್ಲಿ ಸುಮಾರು ಒಂದು ಪಾಲು. ಅದರಲ್ಲೂ ಒಂದಿಷ್ಟು ಮೂತ್ರದಲ್ಲಿ ಹೋಗಿರುತ್ತದೆ. ಬಸುರಿಯರು, ಎಳೆ ಮಕ್ಕಳು ಅವತ್ತು ಕೆಲವು ಗಂಟೆ ಸ್ವಲ್ಪ ದೂರ ಇರಲಿ ಎಂದು ನಾವು ಹೇಳುವುದು ಮುನ್ನೆಚ್ಚರಿಕೆಗೆ. ರಾತ್ರಿ ಪಕ್ಕದಲ್ಲಿ ಮಲಗಿದ್ದರಿಂದ ಮಗುವಿಗೆ ತೊಂದರೆಯಾಗುವಷ್ಟು ಏನೂ ತಾಗಿರುವುದಿಲ್ಲ. ಮರುದಿನದಿಂದ ಅಮ್ಮನನ್ನು ಅಪ್ಪಿಕೊಂಡರೂ ಚಿಂತೆಯಿಲ್ಲ.

ವಾರ ವಾರ ಕಳೆಯುತ್ತಿರುವ ಸಂಕಟ ನನಗೆ ಅರ್ಥವಾಗುತ್ತದೆ. ಶ್ವಾಸಕೋಶದ ಸಾಮಾನ್ಯ ಬಗೆಯ ಕ್ಯಾನ್ಸರ್ ಗಡ್ಡೆ ಗಾತ್ರದಲ್ಲಿ ಎರಡರಷ್ಟಾಗಲು ಹೆಚ್ಚಾಗಿ ನೂರರಿಂದ ನಾನೂರು ದಿನ ಬೇಕು. ಎರಡರಷ್ಟು ಅಂದರೆ ಅಡ್ಡಳತೆ ಎರಡರಷ್ಟಲ್ಲ. 2.4 ಸೆಂ.ಮೀ. ಇದ್ದದ್ದು 3 ಸೆಂ.ಮೀ. ಆದರೆ ಗಾತ್ರ ಎರಡರಷ್ಟಾದಂತೆ. ಸರಿಯಾದ ಸ್ಟೇಜ್ ತಿಳಿಯಲು ಎರಡು ಮೂರು ವಾರ ಹೋದರೆ ಸಾಮಾನ್ಯವಾಗಿ ಅವಕಾಶ ಕೈತಪ್ಪುವುದಿಲ್ಲ, ಎರಡು ಮೂರು ತಿಂಗಳು ಹೋಗಬಾರದು. ಸ್ಮಾಲ್ ಸೆಲ್ ಎಂಬ ಬಗೆ ಮಾತ್ರ ಬಹಳ ಬೇಗ ಬೆಳೆಯುತ್ತದೆ. ಅದು ಹೌದೋ ಅಲ್ಲವೋ ತಿಳಿಯಲೂ ಸೂಜಿಯೇ ಬೇಕು. ಇಬಸ್ ಮತ್ತು ಎಂಆರ್‌ಐ ಎರಡನ್ನೂ ಒಂದೇ ವಾರದಲ್ಲಿ ಕೊಡಿ ಎಂದು ಕೇಳಿ. ಒಂದರ ಉತ್ತರಕ್ಕೆ ಇನ್ನೊಂದು ಕಾಯಬೇಕಿಲ್ಲ. ಮಧ್ಯದಲ್ಲಿ ಅಮ್ಮನಿಗೆ ಕಫದಲ್ಲಿ ಜಾಸ್ತಿ ರಕ್ತ, ಮುಖ ಊತ, ಫಿಟ್ಸ್, ಕಾಲು ಸೋಲುವುದು ಇಂಥದ್ದೇನಾದರೂ ಕಂಡರೆ ದಿನಾಂಕಕ್ಕೆ ಕಾಯದೆ ಆಸ್ಪತ್ರೆಗೆ ಹೋಗಿ.

ಅಲ್ಲಿಗೆ ಹೋಗುವ ಮುಂಚೆ ಮನೆಯಲ್ಲಿ ಒಂದು ಕೆಲಸವಿದೆ. ಬೀರುವಿನಲ್ಲಿ, ಹಳೆ ಸೂಟ್‌ಕೇಸಿನಲ್ಲಿ ಅಮ್ಮನ ಹಳೆಯ ಎದೆಯ ಎಕ್ಸ್‌-ರೇ ಫಿಲಂ ಏನಾದರೂ ಉಳಿದಿದೆಯಾ ಹುಡುಕಿ. ಹತ್ತು ವರ್ಷದ ಹಿಂದೆಯೂ ಅದೇ ಜಾಗದಲ್ಲಿ ಅಷ್ಟೇ ದೊಡ್ಡ ನೆರಳಿದ್ದರೆ ಇಡೀ ಯೋಚನೆಯೇ ಬದಲಾಗುತ್ತದೆ. ಈಗಿನ ಸ್ಕ್ಯಾನ್‌ಗಳ ರಿಪೋರ್ಟ್ ಹಾಳೆ ಮಾತ್ರ ಸಾಲದು, ಚಿತ್ರಗಳಿರುವ ಸಿಡಿಯನ್ನೂ ಇಸಿದುಕೊಳ್ಳಿ. ಎರಡನೇ ಅಭಿಪ್ರಾಯ ಕೇಳಿದರೆ ನೋಡುವವರಿಗೆ ಬೇಕಾಗುವುದು ಅದು.

ಇಬಸ್ ರಿಪೋರ್ಟ್ ಬಂದಾಗ "ಕ್ಯಾನ್ಸರ್ ಕೋಶ ಕಂಡಿಲ್ಲ" ಎಂಬ ಸಾಲನ್ನು ಓದಿ ಅಲ್ಲಿಗೇ ನಿಲ್ಲಬೇಡಿ. ಪಕ್ಕದಲ್ಲಿ "ಲಿಂಫೋಸೈಟ್‌ಗಳಿವೆ" ಅಂತ ಇದೆಯಾ ನೋಡಿ. ಇದ್ದರೆ ಸೂಜಿ ನಿಜವಾಗಿ ಗ್ರಂಥಿಯೊಳಗೆ ಹೋಗಿತ್ತು ಎಂದರ್ಥ. ಇಲ್ಲದಿದ್ದರೆ, ಬರೀ ರಕ್ತ ಅಂತ ಇದ್ದರೆ, ಆ ರಿಪೋರ್ಟ್‌ಗೆ ಬೆಲೆಯಿಲ್ಲ, ಮತ್ತೆ ತೆಗೆಯಬೇಕು. "ಗ್ರ್ಯಾನ್ಯುಲೋಮಾ" ಅಂತ ಬಂದರೆ ಅದೇ ತುಣುಕನ್ನು ಟಿಬಿ ಪರೀಕ್ಷೆಗೂ ಕಳಿಸಿದ್ದಾರಾ ಕೇಳಿ. ಆದರೆ ಗ್ರಂಥಿಯಲ್ಲಿ ಗ್ರ್ಯಾನ್ಯುಲೋಮಾ ಇದೆ ಎಂದ ಮಾತ್ರಕ್ಕೆ ಗಡ್ಡೆಯೂ ಟಿಬಿಯೇ ಎಂದು ನಿರಾಳವಾಗಬೇಡಿ. ಗ್ರಂಥಿಯಲ್ಲಿ ಅದು, ಗಡ್ಡೆಯಲ್ಲಿ ಕ್ಯಾನ್ಸರ್, ಎರಡೂ ಒಟ್ಟಿಗೆ ಇರಬಹುದು. ಗಡ್ಡೆಗೆ ಬೇರೆಯೇ ಉತ್ತರ ಬೇಕು. ಆ ರಿಪೋರ್ಟ್ ಬಂದ ಮೇಲೆ ಅದರಲ್ಲಿರುವ ಸಾಲುಗಳನ್ನು ಹಾಗೆಯೇ ಬರೆದು ಕಳಿಸಿ, ಎಂಆರ್‌ಐಯದ್ದೂ ಸೇರಿಸಿ. ಮುಂದಿನ ದಾರಿಯನ್ನು ಆಗ ಮಾತಾಡೋಣ.